ಬಿಸ್ಕತ್ತಿನ ಡಬ್ಬಿಯ ಕಾವಲು

ಆ ಮನೆಯ ತಾರಸಿಯ ಮೇಲೆ ಎರಡು ತಂತಿಗಳಿವೆ. ಕೆಳಗಿನದು ಬಟ್ಟೆ ಒಣಹಾಕುವುದಕ್ಕೆ. ಮೇಲಿನದು ನೀರಿನ ಟ್ಯಾಂಕಿನ ಪಕ್ಕದ ಕಂಬದಿಂದ ಹೊರಟು, ಮುಚ್ಚಿಹೋದ ಐಸ್ ಕಾರ್ಖಾನೆಯ ಚಿಮಣಿಯನ್ನು ಮುಟ್ಟಿ, ಹಿಂದಿನ ಬೀದಿಯ ದರ್ಜಿಯ ಮನೆಯ ಮೇಲೆ ಹಾದು, ದೊಡ್ಡದೊಂದು ತ್ರಿಕೋನ ಮಾಡಿಕೊಂಡು ಹೊರಟಲ್ಲಿಗೇ ಬಂದು ಸೇರುತ್ತದೆ. ಅದು ರೇಡಿಯೋ ಆಂಟೆನಾ. ಅದರ ಮೇಲೆ ಕಾಗೆ ಕೂರುತ್ತದೆ, ಬಟ್ಟೆ ಮಾತ್ರ ಒಣಗುವುದಿಲ್ಲ. ಹಾಗಾಗಿ ಅತ್ತೆ ಅದಕ್ಕೆ ‘ನಮ್ಮ ಸೊಸೆಯ ದಂಡದ ಹಗ್ಗ’ ಎಂದು ಹೆಸರಿಟ್ಟರು. ಬೀದಿಯವರು ಸೊಸೆಗೇ ಹೆಸರಿಟ್ಟರು: ತಂತಿಯಕ್ಕ.

ತಂತಿಯಕ್ಕನಿಗೆ ತಂತಿಯ ನಂಟು ಹುಟ್ಟಿನಿಂದಲೇ ಬಂದದ್ದು. ಅಪ್ಪ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ಅಣ್ಣ ಶಾಲೆಗೆ ಹೋದ ಹೊತ್ತಿನಲ್ಲಿ ಮಗಳನ್ನು ಕೂರಿಸಿ ಸುತ್ತಿಸುತ್ತಿದ್ದ. “ನಿನ್ನ ಬೆರಳು ಸಣ್ಣ, ತಂತಿಗೆ ನೋವಾಗಲ್ಲ” ಅನ್ನುತ್ತಿದ್ದ. ಬೆರಳಿಗೆ ನೋವಾಗುತ್ತದೆಯೇ ಎಂದು ಕೇಳಿದವರಿಲ್ಲ. ಅಂಗಡಿ ಕೊನೆಗೆ ಅಣ್ಣನ ಪಾಲಿಗೆ ಹೋಯಿತು. ಅವನಿಗೆ ಇವತ್ತಿಗೂ ಒಂದು ಕಾಯಿಲ್ ನೆಟ್ಟಗೆ ಸುತ್ತಲು ಬರುವುದಿಲ್ಲ, ಆಳಿಟ್ಟುಕೊಂಡಿದ್ದಾನೆ.

ಮದುವೆಯಾಗಿ ಬಂದ ಮನೆಯಲ್ಲಿ ಗಂಡ ಎದುರಿನ ಶಾಲೆಯ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ನಾಲಿಗೆಯಲ್ಲಿ ಆಜ್ಞೆ. ಮುಂದಿನ ಕೋಣೆಯ ತುಂಬ ಅವನು ಓಡಿ ಗೆದ್ದ ಕಪ್ಪುಗಳು, ಅವುಗಳ ಧೂಳು ಒರೆಸುವವಳು ಇವಳು. ಅತ್ತೆಯದು ಬಾಗಿಲ ಬಳಿಯ ಕುರ್ಚಿ. ಬಂದವರು ಯಾರು, ಯಾಕೆ, ಚಪ್ಪಲಿಗೆ ಕೆಸರು ಎಲ್ಲಿ ಮೆತ್ತಿಕೊಂಡಿತು ಎಂದೆಲ್ಲ ವಿಚಾರಿಸದೆ ಯಾರನ್ನೂ ಒಳಗೆ ಬಿಟ್ಟವರಲ್ಲ. ಇವರಿಬ್ಬರ ನಡುವೆ, ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ನಾದಿನಿ. ಅವಳು ಹವ್ಯಾಸಿ ರೇಡಿಯೋ ಕ್ಲಬ್ಬಿಗೆ ಸೇರಿ ಒಂದು ದಪ್ಪ ಪುಸ್ತಕ ತಂದಿದ್ದಳು. ಲೈಸೆನ್ಸ್ ಪರೀಕ್ಷೆಗೆ ಜೊತೆಯಲ್ಲಿ ಓದುವವರು ಬೇಕಿತ್ತು.

“ಅತ್ತಿಗೆ, ಕಾಯಿಲ್ ಅಂದ್ರೇನು?”

“ಅದನ್ನೂ ಪುಸ್ತಕದಲ್ಲಿ ಬರೀತಾರಾ?” ಎಂದು ತಂತಿಯಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಿದ್ದಳು.

ಅಲ್ಲಿಂದ ಶುರುವಾದದ್ದು. ಅತ್ತಿಗೆ ನಾದಿನಿಯರು ಅಡುಗೆಮನೆಯ ನೆಲದ ಮೇಲೆ ಕೂತು, ಪಾತ್ರೆಯ ಅಂಚಿಗೆ ಚಮಚ ತಟ್ಟಿ ಮೋರ್ಸ್ ಎಂಬ ಟಿಕ್ಕು ಟೀಕಿನ ಭಾಷೆ ಕಲಿತರು. ಇಬ್ಬರಿಗೂ ಲೈಸೆನ್ಸ್ ಸಿಕ್ಕಿತು. ಆಮೇಲೆ ನಾದಿನಿ ನರ್ಸ್ ಆದಳು. ಮದುವೆ ಬೇಡವೆಂದಳು. ಹೊಳೆಯ ಮೇಲ್ದಿಕ್ಕಿನ ಕಣಿವೆಯ ಸಣ್ಣ ಆಸ್ಪತ್ರೆಗೆ ಕೆಲಸಕ್ಕೆ ಹೋಗುವಾಗ ತನ್ನ ಪುಟ್ಟ ಸೆಟ್ಟನ್ನೂ ಒಯ್ದಳು. ಅಂದಿನಿಂದ ಮಧ್ಯಾಹ್ನ ಎರಡು ಗಂಟೆ ಅವರಿಬ್ಬರದು. ಊಟದ ಪಾತ್ರೆ ತೊಳೆದು ಮುಗಿಯುವ ಹೊತ್ತು, ಒಣಗಿದ ಬಟ್ಟೆ ತೆಗೆಯುವುದಕ್ಕೆ ಮುಂಚಿನ ಹೊತ್ತು. ಆ ಮನೆಯಲ್ಲಿ ಹೆಂಗಸಿಗೆ ಸಿಗುವ ಬಿಡುವೆಂದರೆ ಎರಡು ಕೆಲಸಗಳ ನಡುವಿನ ಆ ಸಂದಿಯೇ. ತಂತಿಯಕ್ಕ ಆ ಸಂದಿಯಲ್ಲಿ ರೇಡಿಯೋ ಇಟ್ಟುಕೊಂಡಳು. ಅದನ್ನು ಇಟ್ಟ ಜಾಗವೂ ಸಂದಿಯೇ: ಉಗ್ರಾಣದಲ್ಲಿ, ಹಿಟ್ಟಿನ ಡಬ್ಬಗಳ ಪಕ್ಕದ ಹಲಗೆ. ಮೈಕಿನ ವೈರು ಒಲೆಯವರೆಗೂ ಎಟಕುವಷ್ಟು ಉದ್ದ.

ಕ್ಲಬ್ಬಿನವರು ಯಾರಾದರೂ ಆಂಟೆನಾ ನೋಡಲು ಬಂದರೆ ಬಾಗಿಲಲ್ಲಿ ನಿಂತು ಅವಳನ್ನೇ ಕೇಳುತ್ತಿದ್ದರು: “ಸಾರ್ ಇದ್ದಾರಾ?”

ಸಾರ್ ಇರುತ್ತಿದ್ದರು. ಸಾರ್ ಎದ್ದು ಬಂದು ತಾರಸಿಗೆ ಕರೆದುಕೊಂಡು ಹೋಗಿ, “ನಮ್ಮ ಆಂಟೆನಾ” ಎಂದು ತೋರಿಸುತ್ತಿದ್ದರು. ಟೀ ಮಾತ್ರ ಇವಳೇ ತರಬೇಕಿತ್ತು.

ದೊಡ್ಡ ಆಂಟೆನಾ ಕಟ್ಟಿದ ಮೊದಲ ದಿನವೇ ಅದರ ತೊಂದರೆಯೂ ಗೊತ್ತಾಗಿತ್ತು. ಊರ ಗುಡ್ಡದ ಮೇಲೆ ರೇಡಿಯೋ ಕೇಂದ್ರದ ಗೋಪುರವಿದೆ. ಅಷ್ಟುದ್ದದ ತಂತಿ ಅದರ ಸದ್ದನ್ನೆಲ್ಲ ಬಾಚಿ ತಂದು ಸೆಟ್ಟಿನೊಳಕ್ಕೆ ಸುರಿಯಿತು. ಮುಳ್ಳನ್ನು ಎಲ್ಲಿಗೆ ತಿರುಗಿಸಿದರೂ ಹಾಡು, ಜಾಹೀರಾತು, ಕ್ರಿಕೆಟ್ಟು. ಅದರಡಿ ಎಲ್ಲೋ ನಾದಿನಿ “ಅತ್ತಿಗೆ, ಅತ್ತಿಗೆ” ಅನ್ನುತ್ತಿದ್ದಳು. ಸೆಟ್ಟಿನ ಕಿವಿ ಬಹಳ ಸೂಕ್ಷ್ಮ. ಪಿಸುಮಾತು ಕೇಳಲೆಂದು ಮಾಡಿದ್ದು. ಅದರ ಬಳಿ ಯಾರಾದರೂ ಕಿರುಚಿದರೆ ಮೊದಲು ತಬ್ಬಿಬ್ಬಾಗುತ್ತದೆ, ಇನ್ನೂ ಜೋರಾಗಿ ಕಿರುಚಿದರೆ ಕಿವುಡಾಗುತ್ತದೆ. ತಂತಿಯಕ್ಕ ಕಬ್ಬಿಣದ ಪುಡಿಯ ಉಂಗುರಗಳಿಗೆ ತಂತಿ ಸುತ್ತಿ, ಕೆಪಾಸಿಟರುಗಳ ಜೊತೆ ಬೆಸೆದು, ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಕೂರಿಸಿ ಒಂದು ಫಿಲ್ಟರ್ ಮಾಡಿದಳು. ಆಂಟೆನಾದಿಂದ ಸೆಟ್ಟಿನ ಕಿವಿಗೆ ಹೋಗುವ ದಾರಿಯಲ್ಲಿ, ಸೆಟ್ಟಿನ ಹಿಂದುಗಡೆ, ಒಂದು ತುಂಡು ವೈರು ಇರುತ್ತದೆ. ಅದನ್ನು ಕಳಚಿ ಆ ಜಾಗಕ್ಕೆ ಡಬ್ಬಿಯನ್ನು ಸಿಕ್ಕಿಸಿದಳು. ನಾದಿನಿ ಮಾತಾಡುವ ಅಲೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೊರಗೇ ನಿಂತಿತು.

“ಅದರೊಳಗೆ ಏನಿದೆ?” ಎಂದು ಅತ್ತೆ ಕೇಳಿದ್ದರು.

“ನೀವು ಇದ್ದೀರಿ. ಬಾಗಿಲಲ್ಲಿ ಕೂತು, ಯಾರು ನೀನು, ಯಾಕೆ ಬಂದೆ ಅಂತೀರಿ.”

ಅತ್ತೆ ಮೂಗು ಮುರಿದರು. ಆದರೆ ಮಾರನೆಯ ದಿನ ದರ್ಜಿಯ ಹೆಂಡತಿಗೆ ಅದನ್ನು ತಾವೇ ವಿವರಿಸುತ್ತಿದ್ದರು.

ಡ್ರಿಲ್ ಮೇಷ್ಟ್ರಿಗೆ ಆ ಡಬ್ಬಿ ಯಾಕೋ ಹಿಡಿಸಲಿಲ್ಲ. ಯಾವ ಫಿಲ್ಟರೂ ಬೇಕಾದ ಸದ್ದಿನಲ್ಲೂ ಒಂದು ಚೂರು ತನಗೆಂದು ಉಳಿಸಿಕೊಳ್ಳುತ್ತದೆ ಎಂದು ಹೆಂಡತಿ ಯಾವಾಗಲೋ ಹೇಳಿದ್ದಳು. ಅವನಿಗೆ ಅದೊಂದೇ ನೆನಪುಳಿಯಿತು. “ನಿನ್ನ ಡಬ್ಬಿ ನನ್ನ ತಂಗಿ ದನೀನ ತಿಂತಿದೆ ಕಣೇ” ಎಂದು ಆಗಾಗ ಛೇಡಿಸುತ್ತಿದ್ದ.

ಆ ವರ್ಷ ಹೊಳೆ ಉಕ್ಕಿತು.

ಮೊದಲು ಕಣಿವೆಯ ಸೇತುವೆ ಹೋಯಿತು, ಆಮೇಲೆ ಫೋನಿನ ಗೋಪುರ. ಬೆಳಗ್ಗೆ ಗೊತ್ತುಪಡಿಸದ ಹೊತ್ತಿನಲ್ಲಿ ರೇಡಿಯೋದಲ್ಲಿ ನಾದಿನಿಯ ದನಿ ಬಂತು. ತಂತಿಯಕ್ಕ ಹಿಟ್ಟಿನ ಕೈಯಲ್ಲೇ ಮೈಕು ಹಿಡಿದಳು. ಆಸ್ಪತ್ರೆಗೆ ನೀರು ನುಗ್ಗಿತ್ತು. ರೋಗಿಗಳನ್ನೂ, ಆಸುಪಾಸಿನ ಮನೆಯವರನ್ನೂ ಸೇರಿಸಿಕೊಂಡು ನಾದಿನಿ ಎತ್ತರದ ಜಾಗಕ್ಕೆ ಹೊರಟಿದ್ದಳು. ಜಾಗ ಎರಡಿದ್ದವು: ಎಡದಂಡೆಯ ಕಲ್ಲುಕ್ವಾರಿಯ ಶೆಡ್ಡು, ಇಲ್ಲವೇ ಬಲದಂಡೆಯ ಹಳೆಯ ಹಿಟ್ಟಿನ ಗಿರಣಿ. ಎಲ್ಲಿಗೆ ಹೋಗಲು ಸಾಧ್ಯವಾಗುತ್ತದೋ ಇನ್ನೂ ಗೊತ್ತಿರಲಿಲ್ಲ.

“ಎರಡು ಗಂಟೆಗೆ ಹೇಳ್ತೀನಿ ಅತ್ತಿಗೆ. ಬ್ಯಾಟರಿ ಆಮೇಲೆ ಇರಲ್ಲ. ಒಂದೇ ಸಲ ಮಾತಾಡೋಕೆ ಆಗೋದು. ಅಮ್ಮನಿಗೆ ಹೇಳಿ...” ಎನ್ನುವಷ್ಟರಲ್ಲಿ, ಬ್ಯಾಟರಿ ಉಳಿಸಲಿಕ್ಕೋ ಏನೋ, ನಿಲ್ಲಿಸಿಬಿಟ್ಟಳು.

ಎದುರಿನ ಶಾಲೆ ಅಷ್ಟರಲ್ಲಿ ನಿರಾಶ್ರಿತರ ಶಿಬಿರವಾಗಿತ್ತು. ರಕ್ಷಣಾ ದಳದವರು ಶಾಲೆಯ ತಾರಸಿಯ ಮೇಲೆ ಕಂಬ ನಿಲ್ಲಿಸಿ, ತಮ್ಮ ದೋಣಿಗಳ ಜೊತೆ ಮಾತಾಡಲು ಭಾರೀ ಶಕ್ತಿಯ ವೈರ್‌ಲೆಸ್ ಹೂಡಿದ್ದರು. ತಂತಿಯಕ್ಕ ರಸ್ತೆ ದಾಟಿ ಓಡಿದಳು. ವೈರ್‌ಲೆಸ್ ಮುಂದೆ ಕೂತಿದ್ದವಳು ಖಾಕಿ ತೊಟ್ಟ ಹೆಂಗಸು, ಕಣ್ಣು ಕೆಂಪಗಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡಳು.

“ನನ್ನ ಹತ್ರ ಖಾಲಿ ಇರೋದು ಒಂದೇ ದೋಣಿ ಅಕ್ಕ. ಎಡಕ್ಕೆ ಹೋದರೆ ಬಲಕ್ಕೆ ಬರೋಕಾಗಲ್ಲ, ಸೆಳವು ಹಾಗಿದೆ. ಕತ್ತಲಾಗೋದರೊಳಗೆ ಒಂದೇ ಸುತ್ತು. ಎಲ್ಲಿದ್ದಾರೆ ಅಂತ ನೀವು ಹೇಳಿದ ತಕ್ಷಣ ಬಿಡ್ತೀನಿ.”

“ಎರಡು ಗಂಟೆಗೆ ನಿಮ್ಮ ವೈರ್‌ಲೆಸ್ ಸ್ವಲ್ಪ ಹೊತ್ತು ನಿಲ್ಲಿಸ್ತೀರಾ? ಅದು ನಮ್ಮ ಮನೆ ಆಂಟೆನಾಕ್ಕೆ ಕಿವಿ ಹತ್ರ ಪಟಾಕಿ ಹಚ್ಚಿದ ಹಾಗೆ.”

“ಮಿಕ್ಕ ದೋಣಿಗಳು ನೀರಲ್ಲಿದ್ದಾವೆ. ನಾನು ಸುಮ್ಮನಾದರೆ ಅವರು ದಿಕ್ಕು ತಪ್ತಾರೆ.” ಅವಳು ಮುಖ ಎತ್ತಿದಳು. “ನಿಮ್ಮಲ್ಲಿ ಫಿಲ್ಟರ್ ಇಲ್ವಾ?”

“ಇದೆ.”

“ಹಾಗಾದ್ರೆ ಅದನ್ನ ಅಲ್ಲಾಡಿಸಬೇಡಿ.”

ತಂತಿಯಕ್ಕ ಮನೆಗೆ ಬಂದು ಡಬ್ಬಿಯ ತಿರುಪುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿದಳು. ಶಾಲೆಯ ವೈರ್‌ಲೆಸ್ ಗುಡುಗಿದಾಗ ಪಕ್ಕದ ಮನೆಯ ಟೇಪ್ ರೆಕಾರ್ಡರಿನ ಸ್ಪೀಕರು, ಅದಕ್ಕೆ ಕರೆಂಟೇ ಇರಲಿಲ್ಲ, ಗೊರಗೊರ ಎಂದಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಅವಳ ಸೆಟ್ಟಿನಲ್ಲಿ ಮಾತ್ರ ತೆಳ್ಳನೆಯ ಸುಂಯ್ ಎನ್ನುವ ಸದ್ದು, ಖಾಲಿ ಅಲೆಯ ಸದ್ದು. ಡಬ್ಬಿ ತಡೆದುಕೊಂಡಿತ್ತು.

ಆಮೇಲೆ ಅಡುಗೆ. ಶಿಬಿರದವರಿಗೆ ಬೀದಿಯ ಪ್ರತಿ ಮನೆಯಿಂದ ಒಂದು ದೊಡ್ಡ ಪಾತ್ರೆ ಅನ್ನ ಹೋಗಬೇಕೆಂದು ಮೇಷ್ಟ್ರು ಮೀಟಿಂಗಿನಲ್ಲಿ ಎದ್ದು ನಿಂತು ಘೋಷಿಸಿದ್ದ. ಮೊದಲ ಪಾತ್ರೆ ತಮ್ಮ ಮನೆಯಿಂದಲೇ ಎಂದೂ ಸೇರಿಸಿದ್ದ. ಜನ ಚಪ್ಪಾಳೆ ತಟ್ಟಿದ್ದರಂತೆ. ತಂತಿಯಕ್ಕ ಹಿತ್ತಿಲಿನಲ್ಲಿ ಕಲ್ಲು ಹೂಡಿ, ಹಸಿ ಸೌದೆಗೆ ಸೀಮೆಎಣ್ಣೆ ಸುರಿದು, ತನ್ನ ತೋಳಿನಗಲದ ಪಾತ್ರೆ ಏರಿಸಿದಳು. ನಡುವೆ ಅತ್ತೆಗೆ ಮಾತ್ರೆ, ಬಿಸಿನೀರು. ಅತ್ತೆ ಎಂದಿನಂತೆ ಬಾಗಿಲಲ್ಲೇ ಕೂತಿದ್ದರು, ಆದರೆ ಅಂದು ಯಾರನ್ನೂ ಏನೂ ಕೇಳಲಿಲ್ಲ. ನೆನೆದು ಬಂದ ನಾಯಿಯೊಂದು ನಡುಮನೆಯವರೆಗೆ ಹೋಗಿ ಮೈ ಕೊಡವಿತು.

ಊಟದ ಹೊತ್ತು ದಾಟಿದಾಗ ಶಾಲೆಯಿಂದ ಮೇಷ್ಟ್ರು ಬಂದ. ಒದ್ದೆ ಅಂಗಿಯನ್ನು ಕುರ್ಚಿಯ ಮೇಲೆ ಎಸೆದ. ಸೀದಾ ಉಗ್ರಾಣಕ್ಕೆ ಹೋದ. ತಂಗಿ ಒಂದು ವೇಳೆ ಮುಂಚೆಯೇ ಕರೆದರೆ? ಅವನೇ ಎತ್ತಿ ಸಾಕಿದ ತಂಗಿ. ಸೆಟ್ಟಿಗೆ ಕಿವಿ ಹಚ್ಚಿದ. ಬರೀ ಸುಂಯ್. ಸದ್ದಿನ ಗುಂಡಿ ಪೂರ್ತಿ ತಿರುಗಿಸಿದರೂ ಸುಂಯ್. ಬೆಳಗ್ಗೆಯೇ ಅವಳ ದನಿ ಅಷ್ಟು ಕ್ಷೀಣವಾಗಿತ್ತು, ಈಗ ಬ್ಯಾಟರಿ ಇನ್ನೂ ಸೋತಿರುತ್ತದೆ. ಇದ್ದಬದ್ದ ದನಿಯನ್ನೂ ಈ ಡಬ್ಬಿ ತಿಂದರೆ ಇನ್ನೇನು ಉಳಿದೀತು?

ಅವನು ಡಬ್ಬಿಯನ್ನು ಕಳಚಿ ಹಿಟ್ಟಿನ ಡಬ್ಬದ ಮೇಲಿಟ್ಟ. ಆ ತುಂಡು ವೈರು ಅಲ್ಲೇ ಮೊಳೆಗೆ ನೇತುಬಿದ್ದಿತ್ತು. ಅದನ್ನು ಹಳೆಯ ಜಾಗಕ್ಕೆ ಸಿಕ್ಕಿಸಿದ.

ಸೆಟ್ಟು ಜೀವ ಬಂದಂತೆ ಮೊರೆಯಿತು. ಹಾಡು, ಸುದ್ದಿ, ಯಾವುದೋ ಭಾಷೆಯ ಗಲಾಟೆ. ಮೇಷ್ಟ್ರಿಗೆ ಖುಷಿಯಾಯಿತು.

“ನೋಡೇ, ಈಗ ಹೇಗೆ ಕೇಳ್ತಿದೆ ನಮ್ಮ ಸೆಟ್ಟು!” ಎಂದು ಹಿತ್ತಿಲ ಕಡೆ ಕೂಗಿದ.

ಅವಳು ಸೌಟು ಹಿಡಿದುಕೊಂಡೇ ಒಳಗೆ ನುಗ್ಗಿದಳು. “ತೆಗೀಬೇಡಿ...” ಎಂದಳೋ ಇಲ್ಲವೋ, ಎದುರಿನ ಶಾಲೆಯ ವೈರ್‌ಲೆಸ್ ದೋಣಿಯೊಂದನ್ನು ಕರೆಯಿತು. ಸೆಟ್ಟಿನೊಳಗೆ ಟಕ್ ಎಂದು, ಅಡಕೆ ಕತ್ತರಿಸಿದಷ್ಟೇ ಸಣ್ಣ ಸದ್ದು. ಹಾಡಿಲ್ಲ, ಸುದ್ದಿಯಿಲ್ಲ. ಸುಂಯ್ ಕೂಡ ಇಲ್ಲ.

“ಯಾಕೋ ನಿನ್ನ ಸೆಟ್ಟು ಸುಮ್ಮನಾಯ್ತಲ್ಲೇ” ಎಂದ ಮೇಷ್ಟ್ರು.

ತಂತಿಯಕ್ಕ ಹಿಟ್ಟಿನ ಡಬ್ಬದ ಮೇಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ನೋಡಿದಳು. ಅವನನ್ನು ನೋಡಿದಳು. ಆ ಮನೆಯಲ್ಲಿ ಅವನು ತೆಗೆದ ಮುಚ್ಚಳಗಳನ್ನೆಲ್ಲ ಇಷ್ಟು ವರ್ಷ ಅವಳೇ ಹಿಂದೆ ಹಿಂದೆ ಹೋಗಿ ಮುಚ್ಚಿದ್ದಳು: ಎಣ್ಣೆ ಬಾಟಲಿಯದು, ಪೇಸ್ಟಿನದು, ನೀರಿನ ಹೂಜಿಯದು. ಇದರ ಹಿಂದೆ ಹೋಗಲು ಆಗಲಿಲ್ಲ.

“ನಾನು ಸಹಾಯ ಮಾಡೋಣ ಅಂತ...” ಅವನ ದನಿ ಇಳಿದಿತ್ತು. ಏನೋ ಆಗಬಾರದ್ದು ಆಗಿದೆ ಎಂದು ಈಗ ಅವನಿಗೂ ತಿಳಿಯಿತು. “ಕೆಟ್ಟೋಯ್ತಾ? ಶಾಲೆಯವರ ಸೆಟ್ಟಲ್ಲಿ ಕೇಳಿದ್ರೆ?”

“ಅದಕ್ಕೆ ಅವರ ದೋಣಿಗಳ ಅಲೆ ಬಿಟ್ಟು ಬೇರೆ ಹಿಡಿಯೋಕೆ ಬರಲ್ಲ.” ಅವಳು ಸೌಟನ್ನು ಅವನ ಕೈಗೆ ಕೊಟ್ಟಳು. “ಜಗಳ ಆಮೇಲೆ ಆಡೋಣ. ಮೊದಲು ನೀವು ಶೂ ಹಾಕ್ಕೊಂಡು ಇಲ್ಲಿ ಬಂದು ನಿಂತ್ಕೊಳ್ಳಿ. ಏನೂ ಮುಟ್ಟಬೇಡಿ. ನಿಮ್ಮಿಂದ ನನಗೆ ಬೇಕಾಗಿರೋದು ಕಾಲು ಮಾತ್ರ.”

ಅವಳು ಸೆಟ್ಟನ್ನು ಪರೀಕ್ಷಿಸಿದಳು. ಬಾಯಿ ನೆಟ್ಟಗಿತ್ತು, ಮಾತು ಕಳಿಸುತ್ತಿತ್ತು. ಕಿವಿ ಸತ್ತಿತ್ತು. ಬಿಚ್ಚಿ ರಿಪೇರಿ ಮಾಡಲು ಹೊತ್ತಿಲ್ಲ. ಮನೆಯಲ್ಲಿ ಇನ್ನೊಂದು ಕಿವಿಯಿತ್ತು: ಅಡುಗೆಮನೆಯ ಕಿಟಕಿಯಲ್ಲಿ, ಟಿಫಿನ್ ಡಬ್ಬಿಯೊಳಗೆ ಅವಳೇ ಕಟ್ಟಿದ ಪುಟ್ಟ ರಿಸೀವರು. ಹಿಟ್ಟು ಕಲಸುವಾಗ, ತರಕಾರಿ ಹೆಚ್ಚುವಾಗ ಒಂದು ಮೊಳ ವೈರು ಸಿಕ್ಕಿಸಿ, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಲೋಕದ ಮಾತು ಕೇಳಲು ಮಾಡಿಕೊಂಡದ್ದು. ಎಣ್ಣೆ ಜಿಡ್ಡು ಹಿಡಿದಿತ್ತು. ಅದನ್ನು ಈ ದೊಡ್ಡ ಆಂಟೆನಾಕ್ಕೆ ಯಾವತ್ತೂ ಹಚ್ಚಿರಲಿಲ್ಲ. ಫಿಲ್ಟರಿಲ್ಲದೆ ಹಚ್ಚಿದರೆ ದೊಡ್ಡದಕ್ಕೆ ಆದದ್ದೇ ಇದಕ್ಕೂ.

ಹಿಂದೆಂದೋ ಮಾರಿದ ಜನರೇಟರಿಗೆಂದು ಗೋಡೆಗೆ ಬಡಿದಿದ್ದ, ಹಿಡಿ ಮೇಲೆ ಕೆಳಗೆ ಆಡುವ ಹಳೆಯ ಸ್ವಿಚ್ಚೊಂದಿತ್ತು. ಅದನ್ನು ಕಿತ್ತು ತಂದಳು. ನಡುವೆ ಆಂಟೆನಾದ ವೈರು. ಹಿಡಿ ಮೇಲಕ್ಕೆ ಎತ್ತಿದರೆ ಆಂಟೆನಾ ದೊಡ್ಡ ಸೆಟ್ಟಿಗೆ, ಅಂದರೆ ಬಾಯಿಗೆ. ಕೆಳಕ್ಕೆ ಒತ್ತಿದರೆ ಬಿಸ್ಕತ್ತಿನ ಡಬ್ಬಿಯ ಮೂಲಕ ಟಿಫಿನ್ ಡಬ್ಬಿಗೆ, ಅಂದರೆ ಕಿವಿಗೆ. ಬೆಸುಗೆ ಕಡ್ಡಿಯನ್ನು ಕೆಂಡದ ಮೇಲಿಟ್ಟು ಕಾಯಿಸಿದಳು, ಕರೆಂಟಿರಲಿಲ್ಲವಲ್ಲ. ಒಂದು ಬೆಸುಗೆ ಹಿಡಿಯಲಿಲ್ಲ. ಒರೆಸಿ ಮತ್ತೆ ಹಾಕಿದಳು. ಗೋಡೆ ಗಡಿಯಾರ ಎರಡಕ್ಕೆ ಹತ್ತಿರವಾಗುತ್ತಿತ್ತು.

ಆಗ ಹೊಳೆಯಿತು ಅವಳಿಗೆ: ಕೈ ಸಾಲುವುದಿಲ್ಲ. ಒಂದು ಕೈಯಲ್ಲಿ ಮೈಕಿನ ಗುಂಡಿ. ಟಿಫಿನ್ ಡಬ್ಬಿ ಮನೆಯಲ್ಲಿ ಕಟ್ಟಿದ್ದು, ಒಂದೆಡೆ ನಿಲ್ಲದು. ಅದರ ಮುಳ್ಳನ್ನು ಇನ್ನೊಂದು ಕೈ ಬಿಡುವಂತಿಲ್ಲ. ಸ್ವಿಚ್ಚಿನ ಹಿಡಿ ಯಾರು ಹಿಡಿಯಬೇಕು? ಹಿಡಿ ಕೆಳಗಿರುವಾಗ ಅವಳು ಗುಂಡಿ ಒತ್ತಿದರೆ ಸೆಟ್ಟಿನ ಶಕ್ತಿಗೆ ಹೊರದಾರಿಯಿಲ್ಲದೆ ಬಾಯಿಯೂ ಸುಟ್ಟುಹೋಗುತ್ತದೆ. ಅವಳು ಮಾತಾಡುತ್ತಿರುವಾಗ ಯಾರಾದರೂ ಹಿಡಿಯನ್ನು ಕೆಳಗಿಳಿಸಿದರೆ ಕಿವಿಯೂ ಜೊತೆಗೆ.

ಮೇಷ್ಟ್ರು ಮುಂದೆ ಬಂದ. “ನಾನು ಹಿಡೀತೀನಿ.”

“ಬೇಡ” ಎಂದಳು.

ಬಾಗಿಲ ಬಳಿಯಿಂದ ಕುರ್ಚಿ ಕಿರುಗುಟ್ಟಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದರು. “ಏನು ಮಾಡ್ಬೇಕು ಹೇಳು. ಕಿವಿ ಮಂದ ಇರಬಹುದು, ಕಣ್ಣು ನೆಟ್ಟಗಿದೆ.”

ಸೊಸೆ ಅವರನ್ನು ಹಿಟ್ಟಿನ ಡಬ್ಬದ ಮೇಲೆ ಕೂರಿಸಿ, ಹಿಡಿಯ ಮೇಲೆ ಅವರ ಕೈಯಿಟ್ಟಳು. “ನಾನು ಗದ್ದ ಎತ್ತಿದರೆ ಮೇಲಕ್ಕೆ. ಗದ್ದ ತಗ್ಗಿಸಿದರೆ ಕೆಳಕ್ಕೆ. ನಾನು ಏನೇ ಮಾತಾಡಲಿ, ಯಾರೇ ಅಳಲಿ, ನನ್ನ ಗದ್ದ ಒಂದೇ ನೋಡಿ.”

“ಅವಳ ದನಿ ನನಗೆ ಕೇಳುತ್ತಾ?”

“ಇಲ್ಲ ಅತ್ತೆ. ಇಯರ್‌ಫೋನ್ ಒಂದೇ ಇದೆ.”

ಅತ್ತೆ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. “ಸರಿ, ಶುರು ಮಾಡು” ಎಂದರು.

ಗದ್ದ ತಗ್ಗಿತು. ಹಿಡಿ ಕೆಳಗಿಳಿಯಿತು. ತಂತಿಯಕ್ಕನ ಕಿವಿಯಲ್ಲಿ ಸುಂಯ್. ಶಾಲೆಯ ವೈರ್‌ಲೆಸ್ ಗುಡುಗಿತು. ಪಕ್ಕದ ಮನೆಯ ಸ್ಪೀಕರು ಗೊರಗುಟ್ಟಿತು. ಟಿಫಿನ್ ಡಬ್ಬಿ ಒಂದು ಸಲ ಉಗುಳು ನುಂಗಿದಂತೆ ಮಾಡಿ ಮತ್ತೆ ಸುಂಯ್ ಅಂದಿತು. ಬದುಕಿತ್ತು. ಅವಳು ಮುಳ್ಳನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸಿದಳು. ಎರಡು ಗಂಟೆಯಾಯಿತು. ಏನೂ ಇಲ್ಲ. ಎರಡು ದಾಟಿತು.

“ಏನಂತೆ?” ಎಂದ ಮೇಷ್ಟ್ರು.

“ಶ್!” ಎಂದದ್ದು ಅತ್ತೆ.

ಬಹಳ ಆಳದಿಂದ, ಬಾವಿಯೊಳಗಿಂದ ಬಂದಂತೆ: “...ತ್ತಿಗೆ... ಅತ್ತಿಗೆ, ಕೇಳ್ತಿದ್ದೀರಾ...”

ಗದ್ದ ಮೇಲೆದ್ದಿತು. ಹಿಡಿ ಮೇಲೆ ಹೋಯಿತು. ತಂತಿಯಕ್ಕ ಹಿಡಿಯನ್ನು ಕಣ್ಣಾರೆ ನೋಡಿ ಆಮೇಲೇ ಗುಂಡಿ ಒತ್ತಿದಳು. “ಕೇಳ್ತಿದೆ. ಹೇಳು. ಎಲ್ಲಿದ್ದೀರಿ?” ಗುಂಡಿ ಬಿಟ್ಟಳು. ಗದ್ದ ಕೆಳಗೆ. ಹಿಡಿ ಕೆಳಗೆ.

“...ಎಲ್ಲರೂ ಇದ್ದೀವಿ... ಇಬ್ಬರಿಗೆ ನಡೆಯೋಕೆ ಆಗ್ತಿಲ್ಲ... ಕ್ವಾರಿ ಶೆಡ್ಡಿಗೆ ಬಂದ್ವಿ...”

ದನಿ ತೆಳುವಾಗಿ ಮುಳುಗಿತು. ತಂತಿಯಕ್ಕ ಮುಳ್ಳಿನ ಮೇಲೆ ಬಾಗಿದಳು. ಮಾತು ತನಗೇ ಗೊತ್ತಿಲ್ಲದೆ ಅವಳ ತುಟಿಯಿಂದ ಹೊರಬಿತ್ತು: “ಕ್ವಾರಿ ಶೆಡ್ಡಿಗೆ ಬಂದ್ವಿ...”

ಮೇಷ್ಟ್ರು ತಿರುಗಿದ್ದೇ ತಡ, ಅವನ ಶೂ ಹೊಸ್ತಿಲು ಮುಟ್ಟಿತು. ಸೀಟಿ ಬಾಯಿಗೆ ಬಂದಿತ್ತು.

“ನಿಲ್ಲೋ!” ಅತ್ತೆಯ ದನಿಗೆ ಗೋಡೆ ನಡುಗಿತು. ಹಿಡಿಯ ಮೇಲಿನ ಕೈ ಅಲ್ಲಾಡಲಿಲ್ಲ, ಕಣ್ಣು ಸೊಸೆಯ ಗದ್ದದಿಂದ ಕದಲಲಿಲ್ಲ. “ಅವಳಿನ್ನೂ ಕೇಳ್ತಿದ್ದಾಳೆ. ಅವಳು ಹೋಗು ಅನ್ನೋತನಕ ನೀನು ಹೋಗೋ ಹಾಗಿಲ್ಲ. ಕೂತ್ಕೋ.”

ಅಷ್ಟು ವರ್ಷದ ಡ್ರಿಲ್ ಮೇಷ್ಟ್ರು ಹೊಸ್ತಿಲ ಮೇಲೆ ಕೂತ.

ಮುಳ್ಳು ಕೂದಲೆಳೆಯಷ್ಟು ಸರಿಯಿತು. ದನಿ ಮತ್ತೆ ಎದ್ದಿತು.

“...ಚಾವಣಿ ಹಾರಿಹೋಗಿತ್ತು. ಗುಡ್ಡ ಜಾರ್ತಿತ್ತು ಅತ್ತಿಗೆ, ಅಲ್ಲಿ ಇರೋ ಹಾಗಿರ್ಲಿಲ್ಲ. ಮುರಿದ ಸೇತುವೆ ಕಂಬಗಳಿಗೆ ಹಗ್ಗ ಕಟ್ಟಿ ಹೊಳೆ ದಾಟಿದ್ವಿ. ಈಗ ಗಿರಣಿಯಲ್ಲಿದ್ದೀವಿ. ಬಲದಂಡೆ ಗಿರಣಿ. ಮೇಲಂತಸ್ತು...”

ರೇಡಿಯೋದವರ ಕಟ್ಟಳೆ ಎಂದರೆ, ಬಂದ ಮಾತನ್ನು ತಿರುಗಿ ಒಪ್ಪಿಸಿ ಹೌದೆನ್ನಿಸಿಕೊಳ್ಳದೆ ಮುಂದಕ್ಕೆ ದಾಟಿಸಬಾರದು. ತಂತಿಯಕ್ಕ ಗದ್ದ ಎತ್ತಿದಳು.

ಹಿಡಿ ಏಳಲಿಲ್ಲ.

‘ಗಿರಣಿಯಲ್ಲಿದ್ದೀವಿ’ ಎಂದು ಸೊಸೆಯ ತುಟಿ ಆಡಿದ್ದನ್ನು ಅತ್ತೆ ಕಂಡಿದ್ದರು. ಮಗಳು ಬದುಕಿದ್ದಾಳೆ. ಅವರ ಕಣ್ಣು ತುಂಬಿಕೊಂಡು ಗದ್ದ ಮಂಜಾಗಿತ್ತು. ತಂತಿಯಕ್ಕನ ಹೆಬ್ಬೆರಳು ಗುಂಡಿಯ ಮೇಲೆ ನಿಂತೇ ಇತ್ತು. ಕೂಗಿದರೆ ಮುದುಕಿ ಬೆಚ್ಚಿ ಕೈಬಿಟ್ಟಾರು. ಮುಟ್ಟಲು ಕೈಯಿಲ್ಲ. ಹೊಳೆಯಾಚೆ ಬ್ಯಾಟರಿ ಬಸಿಯುತ್ತಿತ್ತು. ಅವಳು ಗದ್ದವನ್ನು ಇನ್ನೂ ಮೇಲಕ್ಕೆ, ಚಾವಣಿ ನೋಡುವವಳಂತೆ ಎತ್ತಿದಳು.

ಅತ್ತೆ ಹೆಗಲಿನಿಂದ ಕಣ್ಣೊರೆಸಿಕೊಂಡರು. ಹಿಡಿ ಮೇಲೆ ಹೋಯಿತು.

“ಬಲದಂಡೆ ಗಿರಣಿ. ಕ್ವಾರಿಯಲ್ಲ. ಗಿರಣಿ, ಮೇಲಂತಸ್ತು. ಹೌದಾ?” ಗದ್ದ ಕೆಳಗೆ. ಹಿಡಿ ಕೆಳಗೆ.

“ಹೌದು. ಗಿರಣಿ.”

“ಈಗ ಹೋಗಿ” ಎಂದಳು ಹೊಸ್ತಿಲಿನ ಕಡೆ. “ಬಲದಂಡೆ, ಗಿರಣಿ, ಮೇಲಂತಸ್ತು. ಹೇಳಿ ನೋಡೋಣ.”

“ಬಲದಂಡೆ. ಗಿರಣಿ. ಮೇಲಂತಸ್ತು.” ಶಾಲೆಯ ಹುಡುಗನ ಹಾಗೆ ಒಪ್ಪಿಸಿದ ಮೇಷ್ಟ್ರು. ಆಮೇಲೆ ಓಡಿದ. ಸೀಟಿ ರಸ್ತೆಯುದ್ದಕ್ಕೂ ಕೂಗುತ್ತ ಹೋಯಿತು. ಅವನು ಗೆದ್ದ ಕಪ್ಪುಗಳೆಲ್ಲ ಸೇರಿದರೂ ಆ ಓಟಕ್ಕೆ ಸಮವಾಗಲಾರವು ಎಂದು ದರ್ಜಿ ಇವತ್ತಿಗೂ ಹೇಳುತ್ತಾನೆ.

ಉಗ್ರಾಣದಲ್ಲಿ ಅತ್ತೆ ಇನ್ನೂ ಹಿಡಿಯನ್ನು ಕೆಳಕ್ಕೆ ಒತ್ತಿಕೊಂಡೇ ಇದ್ದರು. ತಂತಿಯಕ್ಕ ಇಯರ್‌ಫೋನನ್ನು ತನ್ನ ಕಿವಿಯಿಂದ ತೆಗೆದು ಅವರ ಕಿವಿಗೆ ಸಿಕ್ಕಿಸಿದಳು. ಮುಳ್ಳನ್ನು ಮಾತ್ರ ಬಿಡಲಿಲ್ಲ, ಅಂದಾಜಿನ ಮೇಲೆ ಹಿಡಿದುಕೊಂಡಿದ್ದಳು. ಅತ್ತೆ ಕೇಳಿಸಿಕೊಂಡರು. ಅವರ ಮುಖ ಬಿಗಿಯಾಯಿತು, ಸಡಿಲವಾಯಿತು. ಕೊನೆಗೆ ಹುಬ್ಬು ಗಂಟಿಕ್ಕಿತು.

“ಏನಂದ್ಲು?”

“ಅಮ್ಮನಿಗೆ ಹೇಳಿ ಅತ್ತಿಗೆ, ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ಬೈಬೇಡ ಅಂತ, ಅಂದ್ಲು. ಆಮೇಲೆ ಏನೂ ಇಲ್ಲ.” ಅತ್ತೆ ಇಯರ್‌ಫೋನ್ ಕಿತ್ತು ಸೊಸೆಯ ಕೈಗಿಟ್ಟರು. “ನೀರಲ್ಲಿ ಮುಳುಗ್ತಿದ್ರೂ ಬುದ್ಧಿ ಹೇಳೋದು ಬಿಡಲ್ಲ ಕಣೇ ಅದು. ಯಾರನ್ನ ಹೋಲ್ತದೋ.”

ದೋಣಿ ಬಲಕ್ಕೆ ಹೋಯಿತು. ಗಿರಣಿಯ ಮೇಲಂತಸ್ತಿನ ಕಿಟಕಿಯಿಂದ ಒಬ್ಬೊಬ್ಬರನ್ನೇ ಇಳಿಸಿಕೊಂಡರಂತೆ. ನಾದಿನಿಯದು ಕೊನೆಯ ಸರದಿ. ಕ್ವಾರಿಯ ಗುಡ್ಡ ಮಧ್ಯಾಹ್ನವೇ ಶೆಡ್ಡಿನ ಗೋಡೆಗಳ ಸಮೇತ ಹೊಳೆಗೆ ಜಾರಿತ್ತು. ಆ ದಂಡೆಗೆ ದೋಣಿ ಹೋಗಿದ್ದರೆ ಏನಾಗುತ್ತಿತ್ತೆಂದು ಖಾಕಿಯ ಹೆಂಗಸು ಹೇಳಲು ಹೋಗಿ ಹೇಳದೆ ಬಿಟ್ಟಳು. ಮೇಷ್ಟ್ರು ಅಲ್ಲೇ ನಿಂತಿದ್ದ.

ಸಂಜೆ ಹೊತ್ತಿಗೆ ನಾದಿನಿ ಯಾರದೋ ದೊಡ್ಡ ಅಂಗಿ ತೊಟ್ಟು ಮನೆಗೆ ಬಂದಳು. ಮೂಗು ಎತ್ತಿ ವಾಸನೆ ನೋಡಿದಳು.

“ಏನೋ ಸೀದಿದೆಯಲ್ಲ ಅತ್ತಿಗೆ?”

ಆಗ ನೆನಪಾಯಿತು ಎಲ್ಲರಿಗೂ. ಹಿತ್ತಿಲಲ್ಲಿ ಆ ತೋಳಗಲದ ಪಾತ್ರೆ, ಅದರೊಳಗೆ ಕರಿ ಹಂಚಿನಂತೆ ಗಟ್ಟಿಯಾದ ಅನ್ನ, ಪಕ್ಕದಲ್ಲಿ ನೆನೆದ ನಾಯಿ. ಮೊದಲ ಪಾತ್ರೆ ನಮ್ಮ ಮನೆಯಿಂದ ಎಂದು ಘೋಷಿಸಿದವನು ಪಾತ್ರೆಯನ್ನೇ ನೋಡುತ್ತ ನಿಂತ.

“ಈಗ ಜಗಳ ಆಡೋಣವಾ?” ಎಂದು ಕೇಳಿದ, ಮೆಲ್ಲಗೆ.

“ಇವತ್ತು ಆಗಲ್ಲ, ಸುಸ್ತಾಗಿದೆ” ಎಂದಳು ತಂತಿಯಕ್ಕ. “ಅದನ್ನ ತಿಕ್ಕಿ.”

ಜಗಳ ಆಡಲಿಲ್ಲವೆಂದಲ್ಲ. ಆಮೇಲೆ ಬಿಡಿಬಿಡಿಯಾಗಿ, ವಾರಗಟ್ಟಲೆ ಆಡಿದರು. ಅವಳು ಸೆಟ್ಟು ಬಿಚ್ಚಿದಾಗ ಒಳಗೆ ಸಾಸಿವೆಯಷ್ಟು ಸಣ್ಣ ಒಂದು ಬಿಡಿಭಾಗ ಸುಟ್ಟು ಕರಕಾಗಿತ್ತು. ಅದನ್ನು ಬದಲಾಯಿಸುವಾಗ ಅವಳ ಕಣ್ಣಿಗೆ ಭೂತಕನ್ನಡಿ ಹಿಡಿದು ಪಕ್ಕದಲ್ಲಿ ನಿಂತವನು ಅವನೇ. ಫಿಲ್ಟರು ಏನು ತಿನ್ನುತ್ತದೆ, ಏನು ತಡೆಯುತ್ತದೆ ಎಂದು ಮೊದಲ ಸಲ ಪೂರ್ತಿ ಕೇಳಿದ. ಕೇಳಿದ್ದೆಲ್ಲ ತಲೆಗೆ ಹೋಯಿತೋ ಇಲ್ಲವೋ, ಎಣ್ಣೆ ಬಾಟಲಿಯ ಮುಚ್ಚಳ ಈಗಲೂ ಹೊರಗೇ ಇರುತ್ತದೆ. ಆದರೆ ಆ ಸೀದ ಪಾತ್ರೆ ಅವನ ಪಾಲಿಗೆ ಬಿತ್ತು. ಇದ್ದಿಲು, ಬೂದಿ, ಮರಳು ಎಲ್ಲ ಹಾಕಿ ದಿನವೂ ತಿಕ್ಕುತ್ತಾನೆ. ತಳದ ಕಪ್ಪು ಒಂದು ಬದಿ ಇನ್ನೂ ಉಳಿದಿದೆ.

ನಾದಿನಿ ಮತ್ತೆ ಕಣಿವೆಗೆ ಹೋದಳು. ಅತ್ತೆಯ ಕುರ್ಚಿ ಈಗಲೂ ಬಾಗಿಲ ಬಳಿಯೇ. ಎರಡು ಗಂಟೆಗೆ ಮಾತ್ರ ಅದು ಉಗ್ರಾಣದ ಹೊಸ್ತಿಲಿಗೆ ಸರಿಯುತ್ತದೆ. ಮಗ ಆ ಕಡೆ ಬಂದರೆ, “ಏನು ಬೇಕಿತ್ತಪ್ಪ?” ಎನ್ನುತ್ತಾರೆ.

ಮೊನ್ನೆ ಕ್ಲಬ್ಬಿನಿಂದ ಇಬ್ಬರು ಬಂದಿದ್ದರು. ಹೊಳೆ ಉಕ್ಕಿದ ದಿನದ ಸುದ್ದಿ ಎಲ್ಲೆಲ್ಲೋ ಹಬ್ಬಿತ್ತು. ಬಾಗಿಲಲ್ಲಿ ನಿಂತು, ಕ್ರಾಪು ಸರಿಮಾಡಿಕೊಂಡು ಕೇಳಿದರು: “ಸಾರ್ ಇದ್ದಾರಾ?”

“ಇದ್ದಾನೆ, ಹಿತ್ತಿಲಲ್ಲಿ ಪಾತ್ರೆ ತಿಕ್ತಿದ್ದಾನೆ” ಎಂದರು ಅತ್ತೆ. “ಅದನ್ನ ನೋಡೋಕೆ ಬಂದ್ರಾ, ರೇಡಿಯೋ ನೋಡೋಕೆ ಬಂದ್ರಾ? ರೇಡಿಯೋ ಆದ್ರೆ ಚಪ್ಪಲಿ ಬಿಟ್ಟು ಸುಮ್ಮನೆ ಕೂತ್ಕೊಳ್ಳಿ. ಅವಳು ಮಾತಾಡ್ತಿದ್ದಾಳೆ.”